ಪುನರ್ಪುಳಿಯಿಂದ ಕೋಶಕೇಂದ್ರದವರೆಗೆ

ಮನುಷ್ಯನ ಬಹುತೇಕ ಜೀವಕೋಶಗಳಲ್ಲಿ ತಲಾ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅಷ್ಟುದ್ದದ ಎಳೆ ಅಡಗಿರುವುದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಗಲದ ಕೋಶಕೇಂದ್ರದಲ್ಲಿ. ರೀಲಿಗೆ ದಾರ ಸುತ್ತಿದಂತೆ ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನುಗಳ ಒಂದೊಂದು ಕಟ್ಟಿಗೂ ಸುಮಾರು 147 ಅಕ್ಷರಜೋಡಿಗಳಷ್ಟು ಡಿಎನ್‌ಎ. ಡಿಎನ್‌ಎ ಮತ್ತು ಪ್ರೋಟೀನುಗಳ ಈ ಹೆಣಿಗೆಯೇ ಕ್ರೊಮ್ಯಾಟಿನ್. ಹೆಣಿಗೆ ಬಿಗಿಯಾಗಿರುವೆಡೆ ವಂಶವಾಹಿಗಳು ಸುಮ್ಮನಿರುತ್ತವೆ, ಸಡಿಲಗೊಂಡೆಡೆ ಕೆಲಸಕ್ಕೆ ತೊಡಗುತ್ತವೆ. ಒಂದೇ ಡಿಎನ್‌ಎ ಹೊತ್ತ ನರಕೋಶವೂ ಯಕೃತ್ತಿನ ಕೋಶವೂ ಬೇರೆ ಬೇರೆಯಾಗಿ ಬಾಳುವುದು ಬಹುಮಟ್ಟಿಗೆ ಈ ವ್ಯವಸ್ಥೆಯಿಂದ.

ಯಲಹಂಕದ ಸನಿಹದ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಕುಂಡು ಎರಡು ದಶಕಗಳ ಕಾಲ ಬೆನ್ನುಹತ್ತಿದ್ದು ಈ ಸಡಿಲಿಕೆಯ ಗುಟ್ಟನ್ನೇ. ಅವರ ಗುರು ಎಂ.ಆರ್.ಎಸ್. ರಾವ್, ಮುಂದೆ 2003ರಿಂದ 2013ರವರೆಗೆ ಇದೇ ಕೇಂದ್ರದ ಅಧ್ಯಕ್ಷರಾಗಿದ್ದವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾವ್ ಅವರ ಮಾರ್ಗದರ್ಶನದಲ್ಲಿ ಕುಂಡು ಅಭ್ಯಾಸ ಮಾಡಿದ್ದು, ವೀರ್ಯಾಣು ರೂಪುಗೊಳ್ಳುವಾಗ ಡಿಎನ್‌ಎಯನ್ನು ಒತ್ತಾಗಿ ಅಡಕುವ ಪ್ರೋಟೀನೊಂದನ್ನು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ರೋಡರ್ ಅವರ ಪ್ರಯೋಗಾಲಯ ಸೇರಿದ ಮೇಲೆ ಅವರ ಗಮನ, ಅಡಕಿದ್ದು ಬಿಚ್ಚಿಕೊಳ್ಳುವ ಬಗೆಯತ್ತ ಹೊರಳಿತು.

ಹಿಸ್ಟೋನುಗಳಿಗೆ ಹೊರಚಾಚಿದ ಬಾಲಗಳಿವೆ. ಅವುಗಳಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ ವಿದ್ಯುದಂಶ. ಹಾಗಾಗಿ ಇವೆರಡೂ ಅಂಟಿಕೊಳ್ಳುತ್ತವೆ. ಪಿ300 ಎಂಬ ಕಿಣ್ವವು ಲೈಸೀನಿಗೆ ಪುಟ್ಟದೊಂದು ಅಸಿಟೈಲ್ ಗುಂಪನ್ನು ಸೇರಿಸಿದೊಡನೆ ಧನ ವಿದ್ಯುದಂಶ ಇಲ್ಲವಾಗಿ ಹಿಡಿತ ಸಡಿಲುತ್ತದೆ. ಈ ಅಸಿಟೈಲೀಕರಣವನ್ನು ಅಳೆಯುವ ಕ್ರಮ ಸರಳವಾದರೂ ನಿಖರ. ವಿಕಿರಣಶೀಲ ಟ್ರಿಟಿಯಂ ಬೆರೆತ ಅಸಿಟೈಲ್ ಗುಂಪನ್ನು ಪಿ300 ಮತ್ತು ಹಿಸ್ಟೋನುಗಳ ಜೊತೆ ಸಣ್ಣ ನಳಿಕೆಯಲ್ಲಿ ಕೂಡಿಸಿ, ಹಿಸ್ಟೋನಿಗೆ ಅಂಟಿದ ವಿಕಿರಣವನ್ನು ಎಣಿಸುತ್ತಾರೆ. ಹೊಸ ವಸ್ತುವೊಂದನ್ನು ಬೆರೆಸಿದಾಗ ಆ ಎಣಿಕೆ ಇಳಿದರೆ, ಅದು ಕಿಣ್ವವನ್ನು ತಡೆಯುತ್ತಿದೆ ಎಂದರ್ಥ.

ಜಕ್ಕೂರಿನ ತಂಡಕ್ಕೆ ಅಂಥ ವಸ್ತುಗಳು ದೊರೆತದ್ದು ಈ ನೆಲದ ಗಿಡಮರಗಳಲ್ಲಿ. ಗೇರುಬೀಜ ಸುಲಿಯುವವರ ಕೈ ಸುಡುವ ಸಿಪ್ಪೆಯೆಣ್ಣೆಯಲ್ಲಿನ ಅನಕಾರ್ಡಿಕ್ ಆಮ್ಲ ಪಿ300ನ್ನು ತಡೆಯುತ್ತದೆಂದು 2003ರಲ್ಲಿ ತಿಳಿಯಿತು. ಅದೇ ಅಣುವನ್ನು ತುಸು ಮಾರ್ಪಡಿಸಿದಾಗ ಸಿಕ್ಕಿದ ವಸ್ತುವು ಕಿಣ್ವವನ್ನು ತಡೆಯುವ ಬದಲು ಚುರುಕುಗೊಳಿಸಿತು. ಮರುವರ್ಷ, ಕರಾವಳಿಯಲ್ಲಿ ಸಾರಿಗೂ ಪಾನಕಕ್ಕೂ ಬಳಸುವ ಪುನರ್ಪುಳಿಯ ಸಿಪ್ಪೆಯಲ್ಲಿನ ಗಾರ್ಸಿನಾಲ್, ಅರಿಶಿನದ ಕರ್ಕ್ಯುಮಿನ್ ಕೂಡ ಪ್ರತಿಬಂಧಕಗಳೆಂದು ಕಂಡುಬಂತು. 2005ರಲ್ಲಿ ಕುಂಡು ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು.

ಅಸಿಟೈಲೀಕರಣಕ್ಕೂ ಕ್ಯಾನ್ಸರಿಗೂ ಇರುವ ನಂಟು ಸ್ಪಷ್ಟವಾದದ್ದು ಬಾಯಿಯ ಕ್ಯಾನ್ಸರಿನಲ್ಲಿ. ಹೊಗೆಸೊಪ್ಪು, ಗುಟ್ಕಾಗಳಿಂದಾಗಿ ಭಾರತದಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆಯದು. ರೋಗಿಗಳ ಗಡ್ಡೆಯ ಅಂಗಾಂಶವನ್ನು ಪಕ್ಕದ ಆರೋಗ್ಯವಂತ ಅಂಗಾಂಶದೊಡನೆ ಹೋಲಿಸಿದಾಗ, ಗಡ್ಡೆಯಲ್ಲಿ ಹಿಸ್ಟೋನುಗಳ ಅಸಿಟೈಲೀಕರಣ ಮಿತಿಮೀರಿತ್ತು. ನೈಟ್ರಿಕ್ ಆಕ್ಸೈಡ್ ಸಂಕೇತದಿಂದ ಪಿ300 ಅತಿಯಾಗಿ ಚುರುಕಾಗುವುದೇ ಇದರ ಮೂಲವೆಂದು ತಂಡದ 2010ರ ಪ್ರಬಂಧ ವಿವರಿಸಿತು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಅದರಿಂದ ಕರಗುವ ರೂಪವೊಂದನ್ನು, ಸಿಟಿಕೆ7ಎ ಎಂಬುದನ್ನು, ತಯಾರಿಸಿ ಇಲಿಗಳಿಗೆ ಕೊಟ್ಟಾಗ ಅವುಗಳಲ್ಲಿ ಬೆಳೆಸಿದ್ದ ಬಾಯಿಯ ಕ್ಯಾನ್ಸರಿನ ಗಡ್ಡೆಗಳ ಬೆಳವಣಿಗೆ ತಗ್ಗಿತು.

ಪುನರ್ಪುಳಿಯ ಪಾನಕವಾಗಲಿ ಅರಿಶಿನದ ಹಾಲಾಗಲಿ ಕ್ಯಾನ್ಸರಿಗೆ ಮದ್ದೆಂದು ಇದರಿಂದ ಸಾಬೀತಾಗುವುದಿಲ್ಲ. ನಳಿಕೆಯಲ್ಲಿ ಫಲಿಸಿದ್ದು ದೇಹದಲ್ಲಿ ಫಲಿಸಬೇಕಿಲ್ಲ. ಜೊತೆಗೆ ಪಿ300 ಆರೋಗ್ಯವಂತ ಕೋಶಕ್ಕೂ ಬೇಕಾದ ಕಿಣ್ವ, ಅದನ್ನು ಎಲ್ಲೆಡೆ ತಡೆದರೆ ಅಪಾಯ. ಈ ಸಂಶೋಧನೆಯ ಬೆಲೆ ಇರುವುದು ಬೇರೆ ಕಡೆ. ಡಿಎನ್‌ಎಯ ಅಕ್ಷರ ಕೆಟ್ಟರೆ ಸರಿಪಡಿಸುವುದು ಬಲುಕಷ್ಟ. ಅಸಿಟೈಲ್ ಗುರುತನ್ನಾದರೋ ಕೋಶವೇ ಹಚ್ಚುತ್ತದೆ, ಅಳಿಸುತ್ತದೆ. ಆ ಗುರುತನ್ನು ಅಳಿಸುವ ಕಿಣ್ವಗಳನ್ನು ತಡೆಯುವ ವೊರಿನೊಸ್ಟಾಟ್, ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ ಔಷಧಿಯಾಗಿ 2006ರಲ್ಲೇ ಅಮೆರಿಕದಲ್ಲಿ ಮಂಜೂರಾಗಿದೆ. ಗುರುತು ಅತಿಯಾದ ಕ್ಯಾನ್ಸರುಗಳಲ್ಲಿ ಅದನ್ನು ಹಚ್ಚುವ ಕಿಣ್ವವನ್ನೇ ಹತೋಟಿಗೆ ತರಲು ಸಾಧ್ಯ ಎಂಬ ಭರವಸೆಗೆ ಜಕ್ಕೂರಿನ ಕೆಲಸ ಗಟ್ಟಿಯಾದ ಆಧಾರ ಒದಗಿಸಿದೆ.