ಪೆಟ್ರೋಲೂ ಹಳಸುತ್ತದೆ: ತಿಂಗಳುಗಟ್ಟಲೆ ನಿಂತ ಕಾರು ಸ್ಟಾರ್ಟ್ ಆಗದಿದ್ದಾಗ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದು ಹಾಕ್ತಾ ಇದ್ದೀನಿ. ಮಾತಿನ ಓಟದಲ್ಲಿ ಬಿಟ್ಟುಹೋದ ಕೆಲವು ಅಂಕಿಗಳನ್ನೂ ಸೇರಿಸಿದ್ದೇನೆ. ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಓದಿದ್ದು ಎಂಟೆಕ್, ಅದೂ ಕಂಪ್ಯೂಟರ್ ಸೈನ್ಸ್. ಬಾನೆಟ್ ಎತ್ತಿ ವೈಪರ್‌ಗೆ ನೀರು ಹಾಕೋದು ಬಿಟ್ಟರೆ ಕಾರಿನ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಕಂಪನಿ ಕೆಲಸಕ್ಕೆ ಅಂತ ಹನ್ನೊಂದು ತಿಂಗಳು ಹೊರದೇಶದಲ್ಲಿದ್ದೆ. ನಮ್ಮ 2014ರ ಪೆಟ್ರೋಲ್ ಕಾರು ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ಅಪಾರ್ಟ್‌ಮೆಂಟಿನ ಕೆಳಗೆ ನಿಂತೇ ಇತ್ತು. ಒಂದು ಪೂರ್ತಿ ಮಳೆಗಾಲ ಅದರ ಮೇಲೆ ಹಾದುಹೋಗಿತ್ತು. ನಾನು ವಾಪಸ್ ಬಂದದ್ದು ಗುರುವಾರ. ಸೋಮವಾರ ಬೆಳಿಗ್ಗೆ ಅಮ್ಮನ ಮೊಣಕಾಲಿನ ಆಪರೇಷನ್. ಆಮೇಲೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ. ಕಾಲು ಚಾಚಿ ಕೂರಬೇಕು ಅಂದರೆ ಸೀಟು ಹಿಂದಕ್ಕೆ ಸರಿಸಿದ ನಮ್ಮದೇ ಕಾರು ಬೇಕು. ಆಟೋದಲ್ಲಿ ಆಗಲ್ಲ, ಕ್ಯಾಬ್ ಬರುತ್ತೋ ಇಲ್ಲವೋ ಅಂತ ಆ ನೋವಿನಲ್ಲಿ ಕಾಯಿಸೋಕೂ ಆಗಲ್ಲ.

ಶುಕ್ರವಾರ ಕೀ ತಿರುಗಿಸಿದೆ. ಗರಗರ ಅಂತು, ಹತ್ತಲಿಲ್ಲ. ಮತ್ತೆ ಸೆಲ್ಫ್ ಹೊಡೆದೆ. ಮತ್ತೆ, ಮತ್ತೆ. ಹದಿನೈದು ಸಲ ಆಗಿರಬೇಕು, ಕೊನೆಗೆ ಬರೀ ಟಕ್ ಟಕ್ ಅಂತ ಸದ್ದು. ಇದ್ದ ಒಂದು ತೊಂದರೆಯ ಜೊತೆ ಖಾಲಿ ಬ್ಯಾಟರಿ ಅನ್ನೋ ಎರಡನೆಯದನ್ನು ನಾನೇ ಸೇರಿಸಿದ್ದೆ. ಪರಿಚಯದ ಗ್ಯಾರೇಜಿಗೆ ಫೋನ್ ಮಾಡಿದರೆ, ಕಾರು ನೋಡದೆಯೇ "ಫ್ಯೂಯಲ್ ಪಂಪ್ ಹೋಗಿದೆ, ಇಂಜೆಕ್ಟರೂ ನೋಡಬೇಕು, ಇಪ್ಪತ್ತೆರಡು ಸಾವಿರದವರೆಗೆ ಆಗಬಹುದು, ಬುಧವಾರ ಕೊಡ್ತೀವಿ" ಅಂದರು. ನಾನು ಹೂಂ ಅನ್ನೋದರಲ್ಲಿದ್ದೆ.

ಮೊದಲು ಸದ್ದು ಕೇಳಿ

ಕಾರು ಸ್ಟಾರ್ಟ್ ಆಗ್ತಿಲ್ಲ ಅನ್ನೋ ಒಂದೇ ಮಾತಿನಲ್ಲಿ ಬೇರೆ ಬೇರೆ ಕಾಯಿಲೆಗಳಿವೆ. ಕೀ ತಿರುಗಿಸಿದರೆ ಸದ್ದೇ ಇಲ್ಲ, ಅಥವಾ ಟಕ್ ಟಕ್ ಮಾತ್ರ: ಮೊದಲ ಅನುಮಾನ ಬ್ಯಾಟರಿ ಮತ್ತು ಅದರ ಟರ್ಮಿನಲ್ ಮೇಲೆ. ಎಂಜಿನ್ ಗರಗರ ಅಂತ ಚೆನ್ನಾಗಿ ತಿರುಗುತ್ತೆ, ಆದರೆ ಹತ್ತಲ್ಲ: ಆಗ ಪೆಟ್ರೋಲ್, ಕಿಡಿ, ಗಾಳಿ ಈ ಮೂರರಲ್ಲಿ ಒಂದು ಸರಿಯಿಲ್ಲ. ಕೀ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತಲೇ ಇದ್ದರೆ ಕಾರು ನಿಮ್ಮ ಕೀಯನ್ನೇ ಗುರುತಿಸಿಲ್ಲ, ಇನ್ನೊಂದು ಕೀ ಹಾಕಿ ನೋಡಿ.

ಇನ್ನೊಂದು ಸಣ್ಣ ಪರೀಕ್ಷೆ. ಕೀಯನ್ನು ಆನ್ ತನಕ ಮಾತ್ರ ತಿರುಗಿಸಿ, ಸೆಲ್ಫ್ ಹೊಡೀಬೇಡಿ. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು ಜುಂಯ್ ಅಂತ ಸದ್ದು ಬರುತ್ತೆ. ಟ್ಯಾಂಕಿನ ಒಳಗಿರೋ ಪಂಪ್ ಒತ್ತಡ ಕಟ್ಟೋ ಸದ್ದು ಅದು. ಸದ್ದು ಬಂದರೆ ಪಂಪ್ ಪೂರ್ತಿ ಸತ್ತಿಲ್ಲ ಅಂತ ಅರ್ಥ. ಬರದಿದ್ದರೆ ಪಂಪ್ ಬದಲಿಸೋಕೆ ಮೊದಲು ಅದರ ಫ್ಯೂಸ್ ಮತ್ತು ರಿಲೇ ನೋಡಿಸಿ.

ಬಾನೆಟ್ ಎತ್ತಿ ಇಲಿ ಬಂದಿತ್ತಾ ಅಂತಲೂ ನೋಡಿ. ನಿಂತ ಕಾರಿನ ವೈರ್ ಕಡಿಯೋದು, ಏರ್ ಫಿಲ್ಟರಿನಲ್ಲಿ ಗೂಡು ಕಟ್ಟೋದು ಅವುಗಳ ಹಳೇ ಚಾಳಿ.

ಬ್ಯಾಟರಿಯ ಲೆಕ್ಕ

ಒಂದು ಸಾದಾ ಮಲ್ಟಿಮೀಟರ್ ಮನೆಯಲ್ಲಿರಲಿ. ಕಾರು ಸುಮ್ಮನೆ ನಿಂತಿದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕಡಿಮೆ ಅಂದರೆ ಖಾಲಿಯಾದಂತೆಯೇ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ನಂಬಬೇಡಿ.

ಜಂಪ್ ಸ್ಟಾರ್ಟ್ ಮಾಡುವ ಕ್ರಮ ಇಷ್ಟು: ಕೆಂಪು ವೈರಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ. ಅದರ ಕೊನೆಯ ತುದಿ ಮಾತ್ರ ಸತ್ತ ಬ್ಯಾಟರಿಗೆ ಬೇಡ, ಅದೇ ಕಾರಿನ ಎಂಜಿನ್ ಮೇಲಿನ ಬಣ್ಣವಿಲ್ಲದ ಲೋಹಕ್ಕೆ ಹಾಕಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರಿದರೆ ಅದು ಬ್ಯಾಟರಿಯಿಂದ ದೂರ ಹಾರಲಿ ಅಂತ.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಮರಾಠಿ ಕಾಕಾ ತಮ್ಮ ಕಾರು ತಂದು ನಿಲ್ಲಿಸಿದರು. ಜಂಪ್ ಕೊಟ್ಟ ಮೇಲೆ ಎಂಜಿನ್ ಜೋರಾಗಿ ತಿರುಗಿತು, ಆದರೂ ಹತ್ತಲಿಲ್ಲ. ಕೀ ಆನ್ ಮಾಡಿದಾಗ ಪಂಪಿನ ಜುಂಯ್ ಸದ್ದು ಮಾತ್ರ ಸ್ಪಷ್ಟವಾಗಿ ಕೇಳ್ತಿತ್ತು. ಹಾಗಾದರೆ ಗ್ಯಾರೇಜಿನವರು ಹೇಳಿದ್ದು ಹೇಗೆ? ಅಲ್ಲಿ ನನಗೆ ಮೊದಲ ಅನುಮಾನ ಬಂತು.

ಪೆಟ್ರೋಲ್ ಹಳಸೋದು ಹೇಗೆ

ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ನಕ್ಕುಬಿಟ್ಟರು. "ಪೆಟ್ರೋಲೂ ಹಳಸ್ತದೇನೋ? ಇರ್ಲಿ ಬಿಡೋ, ಆಟೋದಾಗ ಹೋದ್ರಾತು."

ಹಳಸುತ್ತದೆ, ಮೂರು ರೀತಿಯಲ್ಲಿ. ಪೆಟ್ರೋಲ್ ಒಂದೇ ವಸ್ತುವಲ್ಲ, ಹಗುರ ಮತ್ತು ಭಾರದ ಹಲವಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ತಣ್ಣಗಿರೋ ಎಂಜಿನ್ ಹತ್ತೋಕೆ ಬೇಕಾದದ್ದು ಬೇಗ ಆವಿಯಾಗೋ ಹಗುರ ಭಾಗ. ತಿಂಗಳುಗಟ್ಟಲೆ ನಿಂತರೆ ಮೊದಲು ಹಾರಿಹೋಗೋದೂ ಅದೇ. ಎರಡನೆಯದು, ಗಾಳಿಯ ಆಮ್ಲಜನಕದ ಜೊತೆ ಸೇರಿ ಪೆಟ್ರೋಲಿನಲ್ಲಿ ಅಂಟು ಹುಟ್ಟುತ್ತೆ. ಅದು ಇಂಜೆಕ್ಟರಿನ ಸಣ್ಣ ತೂತುಗಳಲ್ಲಿ ಕೂರುತ್ತೆ. ಹೊಸ ಪೆಟ್ರೋಲಿನ ಘಾಟು ಹೋಗಿ ಹಳೇ ವಾರ್ನಿಷ್ ವಾಸನೆ ಬಂದರೆ ಅದು ಹಳಸಿದೆ ಅಂತ ತಿಳಿಯಿರಿ.

ಮೂರನೆಯದು ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಬಿಡುಗಡೆಯಾಯ್ತು, ಅಂದರೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿಗೆ ನೀರು ಅಂದರೆ ಬಲು ಪ್ರೀತಿ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತೆ. ಸ್ವಲ್ಪ ನೀರಾದರೆ ಬೆರೆತೇ ಇರುತ್ತೆ. ಒಂದು ಮಿತಿ ದಾಟಿತೋ, ಎಥನಾಲ್ ನೀರಿನ ಜೊತೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತೆ. ಪಂಪ್ ಎಳೆಯೋದು ತಳದಿಂದಲೇ. ಹಾಗಾಗಿ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಎಂಜಿನ್‌ಗೆ ಸಿಗೋದು ಅದಲ್ಲ. ಟ್ಯಾಂಕ್ ಖಾಲಿ ಇದ್ದಷ್ಟೂ ಒಳಗೆ ಗಾಳಿ ಹೆಚ್ಚು, ತೇವವೂ ಹೆಚ್ಚು.

ನನ್ನ ಲೆಕ್ಕ ಹೀಗೆ: ಮೂರು ತಿಂಗಳವರೆಗೆ ಚಿಂತೆ ಬೇಡ, ಆರು ತಿಂಗಳು ದಾಟಿದರೆ ಅನುಮಾನಪಡಿ, ವರ್ಷದ ಹತ್ತಿರ ಬಂದರೆ ಸೆಲ್ಫ್ ಹೊಡೆಯೋಕೆ ಮುಂಚೆಯೇ ಪೆಟ್ರೋಲ್ ತೆಗೆಸಿ. ಇದು ಪೆಟ್ರೋಲ್ ಕಾರಿನ ಮಾತು. ಡೀಸೆಲ್ಲಿನ ಕಥೆ ಬೇರೆ.

ನಾಲ್ಕು ಪ್ಲಗ್, ಒಂದು ಬಾಟಲಿ

ವಾಚ್‌ಮನ್ ಹತ್ತಿರದ ಒಬ್ಬ ವಯಸ್ಸಾದ ಮೆಕ್ಯಾನಿಕ್‌ರನ್ನು ಕರೆದುಕೊಂಡು ಬಂದ. ನಾನು ಫೋನಿನಲ್ಲಿ ಮಾತಾಡೋದು ಕೇಳಿ ಅವರು ಕನ್ನಡದಲ್ಲೇ ಮಾತಿಗಿಳಿದರು. ಸೊಲ್ಲಾಪುರದವರು. ಮೊದಲು ಮಾಡಿಸಿದ್ದೇ ಕಾರನ್ನು ತಳ್ಳಿಸಿ ಬಯಲಿಗೆ ತಂದದ್ದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತುಬಿಡುತ್ತೆ. ಬೇಸ್‌ಮೆಂಟಿನಲ್ಲಂತೂ ಪೆಟ್ರೋಲ್ ಲೈನ್ ಬಿಚ್ಚಲೇಬಾರದು. ಸ್ವಿಚ್ಚಿನ ಒಂದು ಕಿಡಿ ಸಾಕು.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ನಾಲ್ಕೂ ಒದ್ದೆ. "ನೋಡ್ರಿ ಸರ್, ಪಂಪ್ ಸತ್ತಿದ್ರ ಪ್ಲಗ್ ಒಣಗಿರಬೇಕಿತ್ತು" ಅಂದರು. ನನಗೆ ಬೇಕಾಗಿದ್ದ ಉತ್ತರ ಆ ಒಂದು ಮಾತಿನಲ್ಲಿತ್ತು. ಸೆಲ್ಫ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ. ಒದ್ದೆಯಾಗಿದ್ದರೆ ಏನೋ ಬರ್ತಿದೆ, ಹತ್ತಿಕೊಳ್ತಿಲ್ಲ. ಪ್ಲಗ್‌ಗಳಲ್ಲಿ ಕಿಡಿ ಇದೆ ಅಂತಲೂ ಖಚಿತ ಮಾಡಿಕೊಂಡರು. ಉಳಿದದ್ದು ಬರ್ತಿರೋದು ಏನು ಅನ್ನೋ ಪ್ರಶ್ನೆ. ಲೈನಿನ ಒತ್ತಡ ಇಳಿಸಿ, ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ನೆರಳಲ್ಲಿಟ್ಟರು. ಹತ್ತು ನಿಮಿಷದಲ್ಲಿ ಎರಡು ಪದರ. ಮೇಲೆ ತೆಳುವಾಗಿ ಹಳದಿ, ಕೆಳಗೆ ಮಂಕಾದ ದ್ರವ, ಅದೇ ಹೆಚ್ಚು. ಟ್ಯಾಂಕಿನ ಮುಚ್ಚಳ ತಿರುಗಿಸಿ ತೋರಿಸಿದರು: ಒಳಗಿನ ರಬ್ಬರ್ ಬಿರುಕು ಬಿಟ್ಟಿತ್ತು. ಮಳೆಗಾಲ ಅಲ್ಲಿಂದ ಒಳಗಿಳಿದಿತ್ತು.

ಟ್ಯಾಂಕಿನಿಂದ ಒಂಬತ್ತು ಲೀಟರ್ ಹೊರಗೆ ಬಂತು. ಅದನ್ನು ಅವರೇ ಕ್ಯಾನಿನಲ್ಲಿ ತೆಗೆದುಕೊಂಡು ಹೋದರು, ಗಟಾರಕ್ಕೆ ಸುರಿಯೋ ವಸ್ತು ಅಲ್ಲ ಅದು. ಬಾಯಿಂದ ಪೈಪ್ ಎಳೆಯೋ ಸಾಹಸವನ್ನೂ ಯಾರೂ ಮಾಡಬೇಡಿ. ಲೋಹದ ಕ್ಯಾನಿನಲ್ಲಿ ಐದು ಲೀಟರ್ ಹೊಸ ಪೆಟ್ರೋಲ್ ತಂದು ಹಾಕಿ, ಪ್ಲಗ್ ಒಣಗಿಸಿ ಕೂರಿಸಿ, ಮುಚ್ಚಳ ಹೊಸದು ಹಾಕಿದೆವು. ಮೂರನೇ ಸಲಕ್ಕೆ ಹತ್ತಿತು. ಒಂದೆರಡು ನಿಮಿಷ ನಡುಗಿತು, ಆಮೇಲೆ ತಣ್ಣಗಾಯ್ತು. ಡಿಪ್‌ಸ್ಟಿಕ್ ಮೂಸಿ ನೋಡಿ ಎಂಜಿನ್ ಆಯಿಲ್ ಕೂಡ ಬದಲಿಸಿ ಅಂದರು. ನಾನು ಹದಿನೈದು ಸಲ ಸೆಲ್ಫ್ ಹೊಡೆದಾಗ ಉರಿಯದ ಪೆಟ್ರೋಲ್ ಸಿಲಿಂಡರಿನ ಪಕ್ಕದಿಂದ ಆಯಿಲ್‌ಗೆ ಇಳಿದಿತ್ತು. ಆಯಿಲ್ ಸೇರಿ ಎಲ್ಲಾ ಖರ್ಚು ಐದು ಸಾವಿರದೊಳಗೆ.

ನೀವು ನೆನಪಿಡಬೇಕಾದದ್ದು

ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೀಬೇಡಿ, ನಡುವೆ ಒಂದು ನಿಮಿಷ ಬಿಡಿ. ಮೂರು ಸಲಕ್ಕೆ ಹತ್ತದಿದ್ದರೆ ನಿಲ್ಲಿಸಿ, ಕಾರಣ ಹುಡುಕಿ. ಪೆಟ್ರೋಲ್ ಹಳೇದಾಗಿದ್ದರೂ ಕಾರು ಸ್ಟಾರ್ಟ್ ಆಯ್ತು, ಸ್ವಲ್ಪ ನಡುಗ್ತಿದೆ ಅಂದರೆ ಹೊಸ ಪೆಟ್ರೋಲ್ ತುಂಬಿಸಿದರೆ ಸಾಕಾಗಬಹುದು. ನೀರು ಬೇರ್ಪಟ್ಟಿದ್ದರೆ ಮಾತ್ರ ಮೇಲೆ ಹೊಸದು ಸುರಿದು ಉಪಯೋಗವಿಲ್ಲ, ತೆಗೆಸಲೇಬೇಕು. ಓಡಿಸುವಾಗ ಎಂಜಿನ್ ದೀಪ ಮಿನುಗತೊಡಗಿದರೆ ಗಾಡಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಟ್ಟುಹಾಕುತ್ತೆ, ಅದು ಬಹಳ ದುಬಾರಿ.

ಊರಿಗೋ ಹೊರದೇಶಕ್ಕೋ ತಿಂಗಳುಗಟ್ಟಲೆ ಹೋಗುವವರು ಟ್ಯಾಂಕ್ ತುಂಬಿಸಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಟ್ಟು ಹೋಗಿ. ಕೀ ಕೊಡಬಹುದಾದ ನಂಬಿಕಸ್ಥರಿದ್ದರೆ ವೈರ್ ಬಿಚ್ಚಬೇಡಿ, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸೋಕೆ ಹೇಳಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೆಲ್ಫ್ ತಿಂದಷ್ಟು ಚಾರ್ಜ್ ಕೂಡ ಬ್ಯಾಟರಿಗೆ ವಾಪಸ್ ಬರೋದಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಅಮ್ಮ ಮುಂದಿನ ಸೀಟಿನಲ್ಲಿ ಕೂತರು. ನಾನು ಕೀ ತಿರುಗಿಸಿ ಒಂದು ಕ್ಷಣ ಕಾದೆ. ಹಿಂದಿನಿಂದ ಜುಂಯ್ ಅಂತು.

"ಏನ್ ಕೇಳಾಕತ್ತೀಯೋ?" ಅಂದರು.

"ಪಂಪ್ ಅಮ್ಮಾ" ಅಂದೆ. ಒಂದೇ ಸಲಕ್ಕೆ ಹತ್ತಿತು.

ನಿಮ್ಮ ಕಾರೂ ಹೀಗೆ ನಿಂತುಬಿಟ್ಟಿದ್ದರೆ, ಯಾರಿಗಾದರೂ ಹೂಂ ಅನ್ನೋ ಮೊದಲು ಆ ಸದ್ದು ಕೇಳಿ, ಪ್ಲಗ್ ನೋಡಿಸಿ, ಒಂದು ಬಾಟಲಿಗೆ ಪೆಟ್ರೋಲ್ ಹಿಡಿಸಿ.