ಸಿಲಿಕೋನ್‌ಗೆ ಜೀವಕೋಶ ಅಂಟಿದೆಯಾ? ಔಷಧ ಪರೀಕ್ಷೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ

ಕಾಮಾಕ್ಷಿಪಾಳ್ಯ, ಪೀಣ್ಯದ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್‌ಗಳಲ್ಲಿ ಕೆಲಸ ಮಾಡುವವರಿಗೆ ಸಿಲಿಕೋನ್ ಸ್ಪ್ರೇ ಗೊತ್ತು. ಅಚ್ಚಿಗೆ ಹೊಡೆದರೆ ಪೀಸ್ ಸಲೀಸಾಗಿ ಬಿಟ್ಟುಕೊಳ್ಳುತ್ತೆ. ಆದರೆ ಆ ಪೀಸ್‌ಗೆ ಪೇಂಟ್ ಹೊಡೆಯುವವನಿಗೆ ಅದೇ ಶಾಪ. ಸಿಲಿಕೋನ್ ಉಳಿದ ಕಡೆ ಬಣ್ಣ ಹಿಡಿಯಲ್ಲ. ಇದೇ ಜಗಳ ಈಗ ಔಷಧ ಪರೀಕ್ಷೆಯ ಲ್ಯಾಬ್‌ಗಳಲ್ಲೂ ಇದೆ. ಅಲ್ಲಿ ಹಿಡಿಯಬೇಕಿರುವುದು ಬಣ್ಣವಲ್ಲ, ಮನುಷ್ಯನ ಜೀವಕೋಶ.

2010ರಲ್ಲಿ ಹಾರ್ವರ್ಡ್‌ನ ವಿಸ್ ಸಂಸ್ಥೆಯ ಡೊನಾಲ್ಡ್ ಇಂಗ್ಬರ್ ತಂಡ 'ಚಿಪ್ ಮೇಲಿನ ಶ್ವಾಸಕೋಶ'ವನ್ನು ತೋರಿಸಿತು. ಪಿಡಿಎಂಎಸ್ ಎಂಬ ಸಿಲಿಕೋನ್‌ನ ತೆಳು ಪೊರೆ. ಒಂದು ಬದಿ ಶ್ವಾಸಕೋಶದ ಕೋಶಗಳು, ಇನ್ನೊಂದು ಬದಿ ರಕ್ತನಾಳದ ಕೋಶಗಳು. ಪೊರೆಯನ್ನು ಎಳೆದು ಬಿಟ್ಟರೆ ಉಸಿರಾಡಿದ ಹಾಗೆ. ಸಿಲಿಕೋನ್ ಪಾರದರ್ಶಕ, ಹಿಗ್ಗುತ್ತೆ, ಆಮ್ಲಜನಕ ಒಳಗೆ ಬಿಡುತ್ತೆ. ಅದಕ್ಕೇ ಇಂಥ ಚಿಪ್‌ಗಳಿಗೆ ಅದು ಅಚ್ಚುಮೆಚ್ಚು.

ತೊಂದರೆ ಅದರ ಮೈಯಲ್ಲಿದೆ. ಕೆಸುವಿನೆಲೆ ಮೇಲಿನ ಹನಿ ಥರ ನೀರು ಅದರ ಮೇಲೆ ಹರಡದೆ ಗುಂಡಗೆ ನಿಲ್ಲುತ್ತೆ. ಜೀವಕೋಶ ನೇರವಾಗಿ ಸಿಲಿಕೋನನ್ನು ಹಿಡಿಯುವುದಿಲ್ಲ. ನಡುವೆ ಫೈಬ್ರೊನೆಕ್ಟಿನ್, ಕೊಲಾಜನ್‌ನಂಥ ಪ್ರೋಟೀನ್ ಪದರ ಬೇಕು. ಕೋಶದ ಇಂಟೆಗ್ರಿನ್ ಎಂಬ ಕೈಗಳು ಹಿಡಿಯೋದು ಆ ಪದರವನ್ನು. ಬರೀ ಸಿಲಿಕೋನ್ ಮೇಲೆ ಈ ಪ್ರೋಟೀನ್‌ಗಳು ಸಡಿಲವಾಗಿ ಕೂರುತ್ತವೆ, ಇಲ್ಲವೇ ಆಕಾರ ಕೆಡಿಸಿಕೊಳ್ಳುತ್ತವೆ.

ಪರಿಹಾರ ಹಲವು. ಆಕ್ಸಿಜನ್ ಪ್ಲಾಸ್ಮಾ ಹಾಯಿಸಿದರೆ ಮೇಲ್ಮೈಯ ಮೀಥೈಲ್ ಗುಂಪುಗಳು ಹೋಗಿ ನೀರನ್ನು ಇಷ್ಟಪಡುವ ಗುಂಪುಗಳು ಬರುತ್ತವೆ. ಆದರೆ ಇದು ಉಳಿಯಲ್ಲ. ಒಳಗಿನ ಚಿಕ್ಕ ಸಿಲಿಕೋನ್ ಸರಪಳಿಗಳು ಮೇಲಕ್ಕೆ ಬಂದು, ಕೆಲವು ಗಂಟೆ ಅಥವಾ ದಿನಗಳಲ್ಲಿ ಮೈ ಮತ್ತೆ ನೀರನ್ನು ದೂಡತೊಡಗುತ್ತೆ. ಹಾಗಾಗಿ ಪ್ಲಾಸ್ಮಾ ಆದ ಕೂಡಲೇ ಸಿಲೇನ್ ಎಂಬ ರಾಸಾಯನಿಕ ಕೊಂಡಿ ಹಾಕಿ ಅದಕ್ಕೆ ಪ್ರೋಟೀನ್ ಕಟ್ಟುವುದುಂಟು. ಇನ್ನೊಂದು ದಾರಿ ಪಾಲಿಡೋಪಮೈನ್. ಕಲ್ಲಿಗೆ ಕಚ್ಚಿಕೊಳ್ಳುವ ಸಮುದ್ರದ ಚಿಪ್ಪುಜೀವಿಯ ಅಂಟನ್ನು ನೋಡಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ವಿವರಿಸಿದ ಲೇಪನ ಇದು. ದ್ರಾವಣದಲ್ಲಿ ಅದ್ದಿಟ್ಟರೆ ಕಂದು ಪದರ ಕೂರುತ್ತೆ, ಪ್ರೋಟೀನ್ ಅದರ ಮೇಲೆ ನಿಲ್ಲುತ್ತೆ.

ಇದು ಲ್ಯಾಬ್‌ನವರ ತಲೆನೋವು, ನಮಗೇನು ಅಂತೀರಾ? ಭಾರತ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿ ಪರೀಕ್ಷೆಯ ಜೊತೆಗೆ ಇಂಥ ಅಂಗ-ಚಿಪ್‌ಗಳಿಗೂ ಬಾಗಿಲು ತೆರೆದಿದೆ. ಅಂದರೆ ನಾಳೆ ನಾವು ನುಂಗುವ ಮಾತ್ರೆಯ ಸುರಕ್ಷತೆಗೆ ಇಂಥ ಸಿಲಿಕೋನ್ ತುಂಡೂ ಸಾಕ್ಷಿ ಹೇಳಬಹುದು.

ಆ ಸಾಕ್ಷಿ ಎರಡು ರೀತಿ ತಪ್ಪಬಹುದು. ಐದನೇ ದಿನ ಕೋಶಗಳು ಕಿತ್ತು ಬಂದರೆ, ಔಷಧ ಕೊಂದಿತೋ, ಲೇಪನ ಸೋತಿತೋ ಹೇಳೋದು ಕಷ್ಟ. ಇನ್ನೊಂದು ಹೆಚ್ಚು ಅಪಾಯದ್ದು: ಪಿಡಿಎಂಎಸ್ ಎಣ್ಣೆ ಸ್ವಭಾವದ ಸಣ್ಣ ಔಷಧ ಅಣುಗಳನ್ನು ತಾನೇ ಹೀರಿಕೊಳ್ಳುತ್ತೆ. ಕೋಶಕ್ಕೆ ಸಿಗುವ ಡೋಸ್ ಕಮ್ಮಿಯಾಗಿ, ವಿಷಕಾರಿ ಔಷಧವೂ ಸಾಧು ಅನ್ನಿಸಬಹುದು. ಕೋಶ ಅಂಟಲೆಂದು ಹಚ್ಚಿದ ಲೇಪನ ಇದನ್ನು ಪೂರ್ತಿ ತಡೆಯುತ್ತೆ ಅನ್ನುವ ಖಾತ್ರಿ ಇಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗ ಕಡಿಮೆಯಾಗಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಚಿಪ್ ಫಲಿತಾಂಶ ಒಪ್ಪುವ ಮುನ್ನ ಔಷಧ ನಿಯಂತ್ರಕರು ನಾಲ್ಕು ವಿಷಯ ಬರಹದಲ್ಲಿ ಕೇಳಲಿ: ಮೇಲ್ಮೈಗೆ ಏನು ಮಾಡಿದಿರಿ, ಎಷ್ಟು ಗಂಟೆ ಬಿಟ್ಟು ಕೋಶ ಹಾಕಿದಿರಿ, ಔಷಧ ಇಲ್ಲದ ಚಿಪ್‌ನಲ್ಲಿ ಕೋಶ ಎಷ್ಟು ದಿನ ನಿಂತಿತು, ಹಾಕಿದ ಔಷಧದಲ್ಲಿ ಎಷ್ಟು ದ್ರವದಲ್ಲಿ ಉಳಿಯಿತು. ಇವನ್ನು ಅಳೆಯುವ ವಿಧಾನಗಳು ಆಗಲೇ ಇವೆ. ಕಡ್ಡಾಯ ಮಾಡುವ ನಿಯಮವೊಂದು ಬರಬೇಕು.