ರೇಡಿಯೊ ಹೊಟ್ಟೆಯಲ್ಲಿ ಹುಟ್ಟಿದ ಗಿಟಾರ್ ದನಿ

ಒಳಕೋಣೆಯ ಅಟ್ಟದಿಂದ ಇಳಿಸಿದ ರೇಡಿಯೊದ ಹಿಂದಿನ ರಟ್ಟು ಬಿಚ್ಚಿದಾಗ ಧೂಳಿನ ಜತೆಗೆ ಹಳೇ ಮೇಣದ ವಾಸನೆ ಬಂತು. ಒಳಗೆ ಐದು ವಾಲ್ವುಗಳು ನಿಂತಿದ್ದವು. ಕೊನೆಯದನ್ನು ಮೆಲ್ಲಗೆ ಅಲುಗಿಸಿ ಎಳೆದುಕೊಂಡು ಗಾಜು ಒರೆಸಲು ಹೋದೆ. ‘ಒರಸಬ್ಯಾಡೊ ತಮ್ಮಾ, ಅಕ್ಷರ ಹೋಗ್ತಾವ’ ಎಂದರು ರೇಡಿಯೊ ರಿಪೇರಿ ಬಲ್ಲ ನಮ್ಮ ಕಾಕಾ. ವಾಲ್ವಿನ ಮೇಲಿನ ಬಿಳಿ ಅಚ್ಚು ಅಷ್ಟು ನಾಜೂಕು, ಹೆಬ್ಬೆರಳು ತಾಗಿದರೂ ಅಳಿಸಿಹೋಗುತ್ತದೆ. ಬೆಳಕಿಗೆ ಹಿಡಿದು ಓದಿದೆ. ಮೇಲೆ ‘ಇಎಲ್ 84’, ಕೆಳಗೆ ‘ಬಿಇಎಲ್’.

ಹುಮನಾಬಾದ್–ಬೀದರ್ ರಸ್ತೆಯ ನಮ್ಮ ಹಳ್ಳಿಖೇಡ (ಬಿ)ಯಲ್ಲಿ ವರ್ಷಗಟ್ಟಲೆ ವಾರ್ತೆ, ವಚನ, ಹಿಂದಿ ಸಿನಿಮಾ ಹಾಡು ಕೇಳಿಸಿದ ಪೆಟ್ಟಿಗೆ ಅದು. ಕಲಬುರಗಿಯಲ್ಲಿ ಓದುವಾಗ ಗಿಟಾರ್ ಕಲಿತು ಬಂದಿದ್ದ ಅಣ್ಣನ ಮಗನಿಗೆ ವಾಲ್ವ್ ಆಂಪ್ಲಿಫೈಯರ್ ಬೇಕಿತ್ತು. ಅಂಗಡಿಯ ಬೆಲೆ ಕೇಳಿ ಸುಮ್ಮನಾಗಿದ್ದ. ‘ಅದೇನು ಬ್ಯಾರೆ ಅದ? ನಮ್ಮ ರೇಡಿಯೊದಾಗ ಇರೋದೂ ಅದೇ’ ಎಂದವರು ಕಾಕಾ. ಅವರು ಗಿಟಾರನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಆದರೆ ಅವರ ಮಾತು ನಿಜವಾಗಿತ್ತು.

ರೇಡಿಯೊ ರಿಪೇರಿಯವನ ಕೂಸು

ಗಿಟಾರ್ ಆಂಪ್ಲಿಫೈಯರ್‌ನ ಚರಿತ್ರೆಯಲ್ಲಿ ರೇಡಿಯೊ ರಿಪೇರಿ ಅಂಗಡಿಗೆ ದೊಡ್ಡ ಪಾಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದಲ್ಲಿ ಲಿಯೊ ಫೆಂಡರ್ 1938ರಲ್ಲಿ ರೇಡಿಯೊ ದುರಸ್ತಿಯ ಅಂಗಡಿ ತೆರೆದ. ಆತನಿಗೂ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಊರಿನ ವಾದ್ಯಗಾರರು ಕೆಟ್ಟ ಆಂಪ್ಲಿಫೈಯರ್ ತಂದುಕೊಟ್ಟರೆ ಬಿಚ್ಚಿ ಸರಿಮಾಡುತ್ತಿದ್ದ. ಬಿಚ್ಚಿದ್ದನ್ನು ಸುಧಾರಿಸುತ್ತ ಸುಧಾರಿಸುತ್ತ ತಾನೇ ಮಾಡತೊಡಗಿದ. 1948ರಲ್ಲಿ ‘ಚಾಂಪಿಯನ್’ ಎಂಬ ಪುಟ್ಟ ಪೆಟ್ಟಿಗೆ ಬಂತು. ಅದೇ ಮುಂದೆ ‘ಚಾಂಪ್’ ಆಯಿತು. ಒಟ್ಟು ಮೂರು ವಾಲ್ವು, ಒಂದು ಗುಂಡಿ, ಸುಮಾರು 5 ವ್ಯಾಟ್ ದನಿ, ಅಷ್ಟೇ. ಅದರ ನಕ್ಷೆಯನ್ನು ಕಾಕಾನ ಮುಂದೆ ಇಟ್ಟಾಗ ಅವರು ಬೆರಳಿಟ್ಟು ಓದಿದರು: ಇದು ರೆಕ್ಟಿಫೈಯರ್, ಇದು ಔಟ್‌ಪುಟ್, ಇದು ಅದರ ಹಿಂದಿನದು. ಸ್ಟೇಷನ್ ಹಿಡಿಯುವ ಭಾಗ ಕಳೆದರೆ ಮನೆಯ ರೇಡಿಯೊದಲ್ಲಿ ಉಳಿಯುವುದೂ ಇಷ್ಟೇ.

ಕಲಿಯುವವರಿಗೆಂದು ಮಾಡಿದ ಈ ಪೆಟ್ಟಿಗೆಯನ್ನೇ 1970ರಲ್ಲಿ ಎರಿಕ್ ಕ್ಲ್ಯಾಪ್ಟನ್ ‘ಲೈಲಾ’ ಆಲ್ಬಮ್ಮಿನ ಧ್ವನಿಮುದ್ರಣಕ್ಕೆ ಬಳಸಿದ. ಸ್ಟುಡಿಯೊ ಮೈಕಿನ ಮುಂದೆ ಪೆಟ್ಟಿಗೆ ದೊಡ್ಡದಿರಬೇಕಿಲ್ಲ, ದನಿ ತುಂಬಿದ್ದರೆ ಸಾಕು.

ಐಂಡ್‌ಹೋವನ್‌ನಿಂದ ಜಾಲಹಳ್ಳಿಗೆ

ವಾಲ್ವ್ ಎಂದರೆ ನಮ್ಮ ಕಾರಂಜಾ ಕಾಲುವೆಯ ತೂಬಿನಂತೆ. ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಎದುರಿನ ಪ್ಲೇಟಿನಲ್ಲಿರುವ 250 ವೋಲ್ಟ್ ಅವುಗಳನ್ನು ಸೆಳೆಯುತ್ತದೆ. ನಡುವಿನ ತಂತಿಜಾಲ, ಅಂದರೆ ಗ್ರಿಡ್, ತೂಬಿನ ಬಾಗಿಲು. ಗಿಟಾರ್ ತಂತಿಯ ಸಣ್ಣ ಅಲುಗಾಟ ಆ ಬಾಗಿಲನ್ನು ಅಲುಗಿಸಿದರೆ ದೊಡ್ಡ ಹರಿವು ಅದರಂತೆಯೇ ಏರಿಳಿಯುತ್ತದೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಕಂಪನಿಯ ಬರ್ನಾರ್ಡ್ ಟೆಲ್ಲೆಗೆನ್ 1926ರಲ್ಲಿ ಇನ್ನೂ ಎರಡು ಜಾಲ ಸೇರಿಸಿ ಪೆಂಟೋಡ್ ಮಾಡಿದರು. ಅದೇ ಮನೆತನದ ಇಎಲ್ 84 1950ರ ದಶಕದಲ್ಲಿ ಬಂತು. ಹೆಸರಿನಲ್ಲೇ ಜಾತಕವಿದೆ: ‘ಇ’ ಎಂದರೆ 6.3 ವೋಲ್ಟಿನಲ್ಲಿ ಕಾಯುವುದು, ‘ಎಲ್’ ಎಂದರೆ ಸ್ಪೀಕರ್ ದುಡಿಸುವ ಪೆಂಟೋಡ್. ತನ್ನನ್ನು ಕಾಯಿಸಿಕೊಳ್ಳಲೇ 4.8 ವ್ಯಾಟ್ ತಿಂದು, ಹೊರಗೆ ಕೊಡುವುದು ಐದು ವ್ಯಾಟ್ ಚಿಲ್ಲರೆ.

ಇಂಗ್ಲೆಂಡಿನ ಡಿಕ್ ಡೆನ್ನಿ ಎರಡು ಇಎಲ್ 84 ಇಟ್ಟು ವಾಕ್ಸ್ ಕಂಪನಿಗೆ ರೂಪಿಸಿದ ಎಸಿ 15 ಆಂಪ್ಲಿಫೈಯರ್ 1958ರಲ್ಲಿ ಬಂತು. ನಾಲ್ಕು ಇಟ್ಟ ಎಸಿ 30ರ ಮುಂದೆ ಬೀಟಲ್ಸ್ ಹುಡುಗರು ನುಡಿಸಿದರು.

ಅದೇ ವಾಲ್ವು ನಮ್ಮ ರಾಜ್ಯದಲ್ಲೂ ಹುಟ್ಟಿತು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಬೆಂಗಳೂರಿನ ತನ್ನ ಜಾಲಹಳ್ಳಿ ಕಾರ್ಖಾನೆಯಲ್ಲಿ 1961ರಲ್ಲಿ ಫಿಲಿಪ್ಸ್ ಸಹಯೋಗದೊಂದಿಗೆ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್‌ಗಳೂ ತಯಾರಾಗತೊಡಗಿದವು. ಅಂದರೆ ವಾಲ್ವು ಕಣ್ಣು ಬಿಡುತ್ತಿದ್ದ ಮನೆಯಲ್ಲೇ ಟ್ರಾನ್ಸಿಸ್ಟರ್ ಕಾಲವೂ ತೊಟ್ಟಿಲಲ್ಲಿತ್ತು. ಆದರೂ ವಾಲ್ವ್ ರೇಡಿಯೊಗಳು ಊರೂರು ತಲುಪಿದವು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿ ಕೇಳಬೇಕಿದ್ದ ಆ ದಿನಗಳಲ್ಲಿ ರೇಡಿಯೊ ಇದ್ದ ಮನೆಯ ಕಟ್ಟೆ ಓಣಿಗೆಲ್ಲ ಸೇರಿದ್ದಾಗಿತ್ತು. ಇಂದು ಜಾಲಹಳ್ಳಿಯ ಹಳೇ ವಾಲ್ವುಗಳನ್ನು ಹೊರದೇಶದ ಗಿಟಾರ್ ವಾದಕರು, ಸಂಗೀತಪ್ರಿಯರು ಹುಡುಕಿ ಕೊಳ್ಳುತ್ತಾರೆ. ನಮ್ಮಲ್ಲಿ ಅವು ರದ್ದಿಯವನ ತಕ್ಕಡಿ ಏರುತ್ತಿವೆ. ಇದು ನನಗೆ ನೋವಿನ ಸಂಗತಿ.

ತಂಬೂರಿಯ ಜವಾರಿ, ವಾಲ್ವಿನ ಜವಾರಿ

ಸಣ್ಣ ವಾಲ್ವ್ ಆಂಪ್ಲಿಫೈಯರ್‌ಗೆ ಯಾಕೆ ಇಷ್ಟು ಆಸೆ? ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿಯ ಸಂಗೀತ ಕೇಳಿದವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ನೂಲು ಸಿಕ್ಕಿಸುತ್ತಾರೆ. ನೂಲು ಸರಿಯಾದ ಜಾಗಕ್ಕೆ ಬಂದಕೂಡಲೇ ಸಪ್ಪೆಯಾಗಿದ್ದ ಷಡ್ಜ ಬಿಚ್ಚಿಕೊಂಡು ಅದರೊಳಗಿನ ಸ್ವರಗಳೆಲ್ಲ ಕೇಳತೊಡಗುತ್ತವೆ. ಅದೇ ಜವಾರಿ.

ವಾಲ್ವಿನಲ್ಲೂ ಹೀಗೆಯೇ. ಅದರ ಶಕ್ತಿ ಮೀರುವಂತೆ ತಂತಿ ಮೀಟಿದಾಗ ದನಿಯ ಅಲೆಯ ತಲೆ ಒಮ್ಮೆಲೇ ಕತ್ತರಿಸಿಹೋಗುವುದಿಲ್ಲ, ಮೆತ್ತಗೆ ಬಾಗುತ್ತದೆ. ಒಂದೇ ಔಟ್‌ಪುಟ್ ವಾಲ್ವಿರುವ ಪೆಟ್ಟಿಗೆಯಲ್ಲಿ ಹೀಗೆ ಬಾಗಿದಾಗ ಮೂಲಸ್ವರದ ಇಮ್ಮಡಿ ಕಂಪನ, ಅಂದರೆ ತಾರ ಷಡ್ಜ, ಎದ್ದು ಸೇರಿಕೊಳ್ಳುತ್ತದೆ. ಮುಮ್ಮಡಿ ಕಂಪನ ತಾರ ಪಂಚಮ. ಕಿವಿಗೆ ಅದು ಕರ್ಕಶವೆನಿಸದು, ತುಂಬಿದಂತೆ ಕೇಳುತ್ತದೆ. ಆದರೆ ವಾಲ್ವನ್ನು ಆ ಅಂಚಿನವರೆಗೆ ಒಯ್ಯಬೇಕು. 50 ವ್ಯಾಟಿನ ಪೆಟ್ಟಿಗೆಯನ್ನು ಆ ಅಂಚಿಗೆ ಒಯ್ದರೆ ಓಣಿಯೇ ಎದ್ದು ಕೂರುತ್ತದೆ. ಐದು ವ್ಯಾಟಿನದು ಮನೆಯೊಳಗೇ ಅಲ್ಲಿಗೆ ಮುಟ್ಟುತ್ತದೆ. ಹಾಗೆಂದು ಅದು ಪಿಸುಗುಡುವ ಪೆಟ್ಟಿಗೆಯಲ್ಲ. ವ್ಯಾಟ್ ಹತ್ತು ಪಟ್ಟಾದರೆ ಕಿವಿಗೆ ದನಿ ಎರಡು ಪಟ್ಟು ಮಾತ್ರ. ಒಳ್ಳೆಯ ಹತ್ತಿಂಚಿನ ಸ್ಪೀಕರಿಗೆ ಐದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ದನಿ 100 ಡೆಸಿಬಲ್ ಮುಟ್ಟುತ್ತದೆ.

ಬಿಚ್ಚಿ ಕಟ್ಟಿದ ಬಗೆ

ಕಾಕಾ ಹಾಕಿದ ಷರತ್ತು ಒಂದೇ: ತಗಡಿಗೆ ಹೊಸ ತೂತು ಕೊರೆಯಬಾರದು, ಬೇಕೆಂದಾಗ ಅದು ಮತ್ತೆ ರೇಡಿಯೊ ಆಗಬೇಕು.

ಮೊದಲು ನೋಡಿದ್ದು ಟ್ರಾನ್ಸ್‌ಫಾರ್ಮರ್ ಇದೆಯೇ ಎಂದು. ‘ಯುಎಲ್ 84’ರಂತೆ ‘ಯು’ದಿಂದ ಶುರುವಾಗುವ ವಾಲ್ವುಗಳಿರುವ ರೇಡಿಯೊಗಳಲ್ಲಿ ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮನೆಯ ಕರೆಂಟು ನೇರವಾಗಿ ತಗಡಿಗೇ ಬಂದಿರಬಹುದು. ಅದಕ್ಕೆ ಗಿಟಾರ್ ಜೋಡಿಸಿದರೆ ತಂತಿಯ ಮೂಲಕ ಸಾವು ಕೈಗೆ ಬರುತ್ತದೆ. ಅಂಥದ್ದನ್ನು ಮುಟ್ಟಲೇಬಾರದು. ನಮ್ಮದು ‘ಇ’ ಸರಣಿಯದು, ಟ್ರಾನ್ಸ್‌ಫಾರ್ಮರ್ ಇತ್ತು. ಆದರೂ ಎರಡು ಪಿನ್ನಿನ ವೈರು ತೆಗೆದು ಮೂರು ಪಿನ್ನಿನದು ಹಾಕಿ ತಗಡಿಗೆ ಅರ್ಥಿಂಗ್ ಕೊಟ್ಟೆವು, ಫ್ಯೂಸ್ ಕೂಡಿಸಿದೆವು.

ಆಮೇಲೆ ಕಂಡೆನ್ಸರ್. ಸ್ವಿಚ್ ತೆಗೆದ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ಇನ್ನೂರು–ಮುನ್ನೂರು ವೋಲ್ಟ್ ಕೂತಿರುತ್ತದೆ. ಕಾಕಾ ಒಂದು ರೆಸಿಸ್ಟೆನ್ಸ್ ಹಿಡಿದು ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೆಲಸಕ್ಕೆ ಬಿಟ್ಟರು. ‘ಒಂದು ಕೈ ಕಿಸೆದಾಗ ಇಟ್ಕೊ’ ಎಂಬುದು ಅವರ ಮೊದಲ ಪಾಠ. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಒಣಗಿದ್ದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳನ್ನು ಬದಲಿಸಿದಾಗ ಗುಂಯ್ ಎನ್ನುವ ಸದ್ದು ಮುಕ್ಕಾಲು ಪಾಲು ಹೋಯಿತು.

ಮೊದಲ ವಾಲ್ವಿನ ಜಾಗಕ್ಕೆ ಗಿಟಾರಿಗೆ ಬೇಕಾದ ಇಸಿಸಿ 83 ವಾಲ್ವು ಬಂತು. ಎರಡಕ್ಕೂ ಒಂಬತ್ತೇ ಪಿನ್ನು, ಹಾಗಾಗಿ ಸಾಕೆಟ್ ಅದೇ, ವೈರಿಂಗ್ ಮಾತ್ರ ಬೇರೆ. 4 ಮತ್ತು 5ನೇ ಪಿನ್ ಕೂಡಿಸಿ ಒಂದು ತುದಿ, 9ನೆಯದು ಇನ್ನೊಂದು ತುದಿ ಮಾಡಿದರೆ ಅದು 6.3 ವೋಲ್ಟಿನಲ್ಲಿ ಕಾಯುತ್ತದೆ. ಕ್ಯಾಥೋಡಿನಲ್ಲಿ 25 ಮೈಕ್ರೋಫ್ಯಾರಡ್ ಕಂಡೆನ್ಸರ್ ಇಟ್ಟಾಗ ಮಂದ್ರದ ದನಿ ಸಣ್ಣ ಸ್ಪೀಕರಿನಲ್ಲಿ ಗೊಂದಲವಾಯಿತು. 1 ಮೈಕ್ರೋಫ್ಯಾರಡ್ ಇಟ್ಟ ಮೇಲೆ ತಂತಿ ತಂತಿಯೂ ಬಿಡಿಬಿಡಿಯಾಗಿ ಕೇಳಿತು. ಮಾರ್ಪಾಡು ಎನ್ನುವುದೆಲ್ಲ ಇಂಥ ಕೆಲವೇ ರೂಪಾಯಿಯ ಬದಲಾವಣೆಗಳು.

ಒಂದು ತಪ್ಪು ನನ್ನಿಂದಲೇ ಆಯಿತು. ಇಎಲ್ 84ರ ಗ್ರಿಡ್ಡಿಗೆ ಬರುವ ಹಳೇ ಪೇಪರ್ ಕಂಡೆನ್ಸರನ್ನು ‘ನೋಡಲು ಚೆನ್ನಾಗಿದೆ’ ಎಂದು ಹಾಗೇ ಬಿಟ್ಟಿದ್ದೆ. ಹತ್ತು ನಿಮಿಷದಲ್ಲಿ ವಾಲ್ವಿನ ಬೂದು ಪ್ಲೇಟಿನ ಮೇಲೆ ಕೆಂಪು ಚುಕ್ಕೆ ಮೂಡಿ ಅಗಲವಾಗತೊಡಗಿತು. ಕಾಕಾ ಓಡಿಬಂದು ಸ್ವಿಚ್ ತೆಗೆದರು. ಕಂಡೆನ್ಸರ್ ಸೋರಿ, ಹಿಂದಿನ ವಾಲ್ವಿನ ವೋಲ್ಟೇಜು ತೂಬಿನ ಬಾಗಿಲನ್ನು ತೆರೆದೇ ಇಟ್ಟಿತ್ತು. ಹೊಸದು ಹಾಕಿ ಕ್ಯಾಥೋಡಿನ ರೆಸಿಸ್ಟೆನ್ಸಿಗೆ ಮೀಟರ್ ಹಿಡಿದಾಗ ಏಳು ವೋಲ್ಟ್ ತೋರಿಸಿತು. ಅಷ್ಟೇ ಇರಬೇಕಾದದ್ದು. ಜಾಲಹಳ್ಳಿಯ ವಾಲ್ವು ಬದುಕಿಕೊಂಡಿತ್ತು.

ಬಳಸುವ ಬಗೆ

ಸ್ವಿಚ್ ಹಾಕಿದ ಮೇಲೆ ಅರ್ಧ ನಿಮಿಷ ಕಾಯಬೇಕು. ವಾಲ್ವಿನ ಒಳಗೆ ಕೆಂಡದ ಚೂರಿನಂತೆ ಬೆಳಕು ಮೂಡುತ್ತದೆ, ಆಮೇಲೆ ದನಿ. ಸ್ಪೀಕರ್ ಜೋಡಿಸದೆ ಎಂದೂ ಹಚ್ಚಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಇರುವುದು ಒಂದೇ ಗುಂಡಿಯಾದ್ದರಿಂದ ಉಳಿದದ್ದೆಲ್ಲ ಬೆರಳಿನ ಕೆಲಸ. ಮೆಲ್ಲಗೆ ಮೀಟಿದರೆ ದನಿ ತಿಳಿನೀರು. ಒತ್ತಿ ಮೀಟಿದರೆ ಅಂಚು ಬಿರಿದು ಜವಾರಿ ಬರುತ್ತದೆ. ಗಿಟಾರಿನ ಮೇಲಿನ ಗುಂಡಿ ಎರಡು ಗೆರೆ ಇಳಿಸಿದರೆ ಮತ್ತೆ ತಿಳಿಯಾಗುತ್ತದೆ. ನುಡಿಸುವವನ ಕೈಯ ಒರಟುತನ, ಹದ ಎರಡನ್ನೂ ಪೆಟ್ಟಿಗೆ ಬಚ್ಚಿಡದೆ ತೋರಿಸುತ್ತದೆ. ಅಣ್ಣನ ಮಗ ಒಂದು ತಿಂಗಳಲ್ಲಿ ಕಲಿತದ್ದು ಹೊಸ ಹಾಡಲ್ಲ, ಮೆಲ್ಲಗೆ ಮೀಟುವುದನ್ನು.

ನಮ್ಮ ಕಡೆ ಒಂದೇ ಹೆಸರಿನ ಎರಡು ಊರಿದ್ದರೆ ದೊಡ್ಡದಕ್ಕೆ ಬುಜುರ್ಗ್, ಸಣ್ಣದಕ್ಕೆ ಖುರ್ದ್ ಎನ್ನುತ್ತಿದ್ದರು. ಅವೇ ಇಂದಿನ (ಬಿ), (ಕೆ). ಖುರ್ದ್ ಎಂದ ಮಾತ್ರಕ್ಕೆ ಅದು ಊರಲ್ಲವೆಂದು ಯಾರೂ ಹೇಳಿಲ್ಲ. ಅದಕ್ಕೂ ಗುಡಿ, ಬಾವಿ, ಜಾತ್ರೆ ಎಲ್ಲ ಇರುತ್ತವೆ. ಐದು ವ್ಯಾಟಿನ ಪೆಟ್ಟಿಗೆಯನ್ನೂ ನಾನು ಹಾಗೆಯೇ ನೋಡುತ್ತೇನೆ.

ನಿಮ್ಮ ಅಟ್ಟದ ಮೇಲೂ ಒಂದು ರೇಡಿಯೊ ಇರಬಹುದು. ರದ್ದಿಗೆ ಹಾಕುವ ಮೊದಲು ಊರಿನಲ್ಲಿ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆಯೇ ವಿಚಾರಿಸಿ. ಇದ್ದರೆ ಅವರ ಪಕ್ಕದಲ್ಲೇ ಕುಳಿತು ಕಲಿಯಿರಿ, ಒಬ್ಬರೇ ಬಿಚ್ಚಬೇಡಿ. ಆ ವಿದ್ಯೆಗೆ ಉಳಿದಿರುವ ಕಾಲ ವಾಲ್ವಿನ ಆಯುಷ್ಯಕ್ಕಿಂತ ಕಡಿಮೆ.

ನಾವು ತೆಗೆದ ವಾಲ್ವುಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲೇ ಇಟ್ಟಿದ್ದೇವೆ. ಯಾವ ವೈರು ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂಬ ನಕ್ಷೆಯನ್ನು ಕಾಕಾ ತಮ್ಮ ಕೈಯಾರೆ ಕನ್ನಡದಲ್ಲಿ ಬರೆದು ಹಿಂದಿನ ರಟ್ಟಿನ ಒಳಮೈಗೆ ಅಂಟಿಸಿದರು. ಮುಂದೆ ಯಾರು ರಟ್ಟು ಬಿಚ್ಚಿದರೂ ಮೊದಲು ಕಾಣುವುದು ಅದೇ.